ಊರಿನ ಜಮೀನು ಸೈಟ್ ಆಗಬಾರದು ಅಂದರೆ ಯಾವ ಪತ್ರ ಮಾಡಿಸಬೇಕು?

ನಾಲ್ಕೋ ಎಂಟೋ ಎಕರೆ ಜಮೀನು. ಅಪ್ಪನಿಗೆ ಎಪ್ಪತ್ತು ದಾಟಿದೆ. ಒಬ್ಬ ಮಗ ಊರಲ್ಲೇ ಇದ್ದು ಉಳುತ್ತಿದ್ದಾನೆ, ಇನ್ನೊಬ್ಬ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ. ಪಕ್ಕದ ಸರ್ವೆ ನಂಬರಿನಲ್ಲಿ ಆಗಲೇ ಕಲ್ಲು ನೆಟ್ಟು ಸೈಟ್ ಮಾಡಿದ್ದಾರೆ. "ನಮ್ಮದು ಹಾಗಾಗಬಾರದು, ಜಮೀನಾಗಿಯೇ ಇರಬೇಕು. ವಿಲ್ ಬರೆಸೋದಾ, ಟ್ರಸ್ಟ್ ಮಾಡೋದಾ, ಇಲ್ಲಾ ಉಳೋ ಮಗನ ಹೆಸರಿಗೇ ಮಾಡಿಬಿಡೋದಾ?" ಕೇಳುವವರ ಊರು ಬೇರೆ ಇರುತ್ತದೆ ಅಷ್ಟೇ, ಪ್ರಶ್ನೆ ಇದೇ.

ಈ ಗಾಬರಿ ಸುಮ್ನೆ ಹುಟ್ಟಿದ್ದಲ್ಲ. 2020ರ ತನಕ ಕರ್ನಾಟಕದಲ್ಲಿ ಕೃಷಿಯ ಹೊರಗಿನ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ, ಕೃಷಿಕರಲ್ಲದವರಿಗೂ ಅಡ್ಡಿ ಇತ್ತು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ಆ ವರ್ಷ ತೆಗೆದುಹಾಕಿದರು. ಈಗ ದುಡ್ಡಿದ್ದವರು ಹೆಚ್ಚುಕಡಿಮೆ ಯಾರು ಬೇಕಾದರೂ ಕೊಳ್ಳಬಹುದು. ಮಾರುವವರಿಗೆ ಒಳ್ಳೆಯದಾಯಿತು, ಉಳಿಸಿಕೊಳ್ಳಬೇಕು ಅನ್ನುವವರ ಮನೆ ಬಾಗಿಲಿಗೆ ದಲ್ಲಾಳಿಗಳು ಬರುವುದು ಜಾಸ್ತಿಯಾಯಿತು.

ಅಮೆರಿಕದಲ್ಲಿರುವ ನಮ್ಮವರು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ಅಲ್ಲಿಯ ಕನ್ಸರ್ವೇಶನ್ ಈಸ್‌ಮೆಂಟ್ ಇಲ್ಲಿ ಯಾಕಿಲ್ಲ? ಅಲ್ಲಿ ಜಮೀನು ರೈತನದ್ದೇ ಆಗಿರುತ್ತದೆ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಮನೆ ಕಟ್ಟಿ ಬಡಾವಣೆ ಮಾಡುವ ಹಕ್ಕನ್ನು ಮಾತ್ರ ಜಮೀನು ಉಳಿಸಲೆಂದೇ ಇರುವ ಒಂದು ಸಂಸ್ಥೆಗೆ (ಲ್ಯಾಂಡ್ ಟ್ರಸ್ಟ್) ದಾನ ಕೊಡುತ್ತಾನೆ, ಇಲ್ಲವೇ ಮಾರುತ್ತಾನೆ. ಆ ಪತ್ರ ಕೌಂಟಿ ದಾಖಲೆಗೆ ಸೇರುತ್ತದೆ, ಮುಂದೆ ಯಾರು ಕೊಂಡರೂ ಅದಕ್ಕೆ ಕಟ್ಟುಬೀಳಬೇಕು. 1980ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಹೈನುಗಾರಿಕೆ ಕುಟುಂಬದ ಒಬ್ಬ ಹೆಂಗಸು ಮತ್ತು ಒಬ್ಬ ಜೀವಶಾಸ್ತ್ರಜ್ಞೆ ಸೇರಿ ಕಟ್ಟಿದ ಟ್ರಸ್ಟ್ ಹೀಗೇ ಕೆಲಸ ಶುರುಮಾಡಿತು. ಅಲ್ಲಿಯ ಕೃಷಿ ಇಲಾಖೆ ಆ ಹಕ್ಕಿನ ಬೆಲೆಯ ಅರ್ಧದವರೆಗೂ ಕೊಡುವ ಯೋಜನೆ ಇದೆ, ದಾನ ಕೊಟ್ಟರೆ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಇದೆ.

ನಮ್ಮಲ್ಲಿ ಇದು ಇಲ್ಲ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆ ದಾರಿ, ನೀರು, ಗಾಳಿ ಬೆಳಕಿನ ಹಕ್ಕಿನದು. ಒಂದು ಜಮೀನಿನ ಅನುಕೂಲಕ್ಕೆ ಪಕ್ಕದ ಜಮೀನಿನ ಮೇಲೆ ಇರುವ ಹಕ್ಕು ಅದು. ಅದೇ ವರ್ಷದ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಸ್ತಿಯನ್ನು ಪೂರ್ತಿಯಾಗಿ ಕೊಟ್ಟು "ಇದನ್ನು ಎಂದೂ ಮಾರಕೂಡದು" ಅಂತ ಷರತ್ತು ಹಾಕಿದರೆ ಆಸ್ತಿ ಪಡೆದವನಿಗೆ ಸೇರುತ್ತದೆ, ಷರತ್ತು ಮಾತ್ರ ಬಿದ್ದುಹೋಗುತ್ತದೆ. ಎಷ್ಟೋ ಹಳೆಯ ವಿಲ್‌ಗಳಲ್ಲಿ "ನಮ್ಮ ವಂಶಸ್ಥರು ಪರಭಾರೆ ಮಾಡತಕ್ಕದ್ದಲ್ಲ" ಅನ್ನುವ ಸಾಲು ಇರುತ್ತದೆ. ಓದೋಕೆ ಗಂಭೀರವಾಗಿದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಎಂದೆಂದಿಗೂ ಉಳಿಸುವ ಒಂದೇ ಪತ್ರ ಹುಡುಕಬೇಡಿ. ಒಂದು ತಲೆಮಾರು, ಎರಡು ತಲೆಮಾರು ಉಳಿಸುವ ದಾರಿಗಳಿವೆ. ಅವುಗಳಲ್ಲಿ ಆರಿಸಬೇಕು.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲ ಪ್ರಶ್ನೆ: ಜಮೀನನ್ನು ಯಾರಿಂದ ಕಾಪಾಡಬೇಕು? ಹೊರಗಿನ ಬಿಲ್ಡರ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಿಲ್ಡರ್ ಬೇಲಿ ಹಾರಿ ಬರುವುದಿಲ್ಲ, ಮನೆಯವರೇ ಒಬ್ಬರು ಸಹಿ ಹಾಕಿ ಒಳಗೆ ಕರೆದುಕೊಳ್ಳುತ್ತಾರೆ. ಜಮೀನನ್ನು ಕೃಷಿಯಿಂದ ಬೇರೆ ಬಳಕೆಗೆ ಬದಲಿಸಲು ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅರ್ಜಿ ಕೊಡುವವನೂ ಜಮೀನಿನ ಹಕ್ಕುದಾರನೇ. ಅಂದರೆ ನಿಜವಾದ ಭಯ ಅಣ್ಣತಮ್ಮಂದಿರ ಜಗಳ, ಮೊಮ್ಮಕ್ಕಳ ಸಾಲ, ಮದುವೆ ಆಸ್ಪತ್ರೆ ಖರ್ಚು. ಯಾವುದು ನಿಮ್ಮ ಮನೆಯ ಭಯ ಅಂತ ಗೊತ್ತಾದರೆ ಪತ್ರ ಆರಿಸುವುದು ಅರ್ಧ ಮುಗಿಯಿತು.

ಎರಡನೆಯದು, ಮುಂದೆ ಯಾರು ಉಳುತ್ತಾರೆ? ಉಳುವವರೇ ಇಲ್ಲದಿದ್ದರೆ ಪತ್ರ ಗಟ್ಟಿಯಾಗಿದ್ದಷ್ಟೂ ಜಮೀನು ಲಂಟಾನ ಬೆಳೆದು ಕೂರುತ್ತದೆ.

ಆಮೇಲೆ ಉಳಿದದ್ದು: ಎಷ್ಟು ವರ್ಷ ಕಟ್ಟುಹಾಕಬೇಕು, ಕಷ್ಟ ಬಂದರೆ ಬಿಚ್ಚಬಹುದಾ, ಸೊಸೈಟಿ ಸಾಲ ಸಿಗುತ್ತಾ, ಖರ್ಚೆಷ್ಟು. ಬಿಚ್ಚಬಹುದಾ ಅನ್ನುವುದನ್ನು ಜನ ಮರೆಯುತ್ತಾರೆ. ಬೋರ್‌ವೆಲ್ ಬತ್ತಿ ಅಡಿಕೆ ಒಣಗಿದ ವರ್ಷ ಒಂದೆಕರೆ ಮಾರಿದರೆ ಉಳಿದದ್ದು ಉಳಿಯುತ್ತದೆ ಅನ್ನುವ ಸ್ಥಿತಿ ಬರಬಹುದು. ಆಗ ಕೈ ಕಟ್ಟಿಹಾಕಿದ ಪತ್ರವೇ ಶತ್ರು.

ಏನೂ ಮಾಡದೆ ಒಟ್ಟಿಗೆ ಇಡುವುದು

ಹೆಚ್ಚಿನ ಮನೆಗಳ ಆಯ್ಕೆ ಇದೇ, ಯಾರೂ ಇದನ್ನು ಆಯ್ಕೆ ಅಂತ ಕರೆಯುವುದಿಲ್ಲ ಅಷ್ಟೇ. ಇದರಲ್ಲೂ ಒಂದು ರಕ್ಷಣೆ ಇದೆ. ಎಲ್ಲರ ಸಹಿ ಇಲ್ಲದ ಜಮೀನನ್ನು ಬುದ್ಧಿ ಇರುವ ಬಿಲ್ಡರ್ ಮುಟ್ಟುವುದಿಲ್ಲ. ಜೊತೆಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಇದೆ. ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿ ಮೊದಲ ದರ್ಜೆಯ ವಾರಸುದಾರರಿಗೆ ಬಂದಾಗ, ಒಬ್ಬರು ತಮ್ಮ ಪಾಲು ಮಾರಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು. ಕೃಷಿ ಜಮೀನಿಗೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಇದು ಗೊತ್ತಿಲ್ಲದೆ ತಮ್ಮನ ಪಾಲು ಹೊರಗಿನವರ ಕೈಸೇರಿದ್ದನ್ನು ನೋಡುತ್ತಾ ಕೂತವರು ಬಹಳ ಜನ.

ತೊಂದರೆ ಏನೆಂದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಪಾಲಿಗೆ ದಾವೆ ಹಾಕಬಹುದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಎಲ್ಲದಕ್ಕೂ ಅಲೆದಾಟ. ಉಳುವವನಿಗೆ ಇನ್ನೂ ಕಷ್ಟ: ಹನಿ ನೀರಾವರಿ ಹಾಕಿಸಲೋ ಬೇಡವೋ, ನಾಳೆ ಈ ತುಂಡು ಯಾರ ಪಾಲಿಗೋ. ಖರ್ಚು ಸೊನ್ನೆ ಅನಿಸುತ್ತದೆ, ಮುಂದಿನ ತಲೆಮಾರು ಅದನ್ನು ವಕೀಲರಿಗೆ ಕಟ್ಟುತ್ತದೆ.

ವಿಲ್

ಅತಿ ಅಗ್ಗ. ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಬೇಕು. ಮನಸ್ಸು ಬದಲಾದರೆ ಬದುಕಿರುವ ತನಕ ಬದಲಿಸಬಹುದು. ಆದರೂ ನೋಂದಣಿ ಮಾಡಿಸಿ, ಆಮೇಲೆ ಬರುವ ತಕರಾರು ಕಡಿಮೆಯಾಗುತ್ತದೆ. ಪಿತ್ರಾರ್ಜಿತ ಜಮೀನಾದರೆ ಅಪ್ಪ ತನ್ನ ಪಾಲಿಗೆ ಮಾತ್ರ ವಿಲ್ ಬರೆಯಬಹುದು, ಪೂರ್ತಿ ಜಮೀನಿಗಲ್ಲ.

ಜಮೀನು ಉಳಿಸುವ ಉದ್ದೇಶಕ್ಕೆ ವಿಲ್‌ನಲ್ಲಿ ನಿಜವಾಗಿ ಕೆಲಸ ಮಾಡುವ ಉಪಾಯ ಒಂದಿದೆ: ಒಬ್ಬರಿಗೆ ಜೀವಿತಾವಧಿಯ ಅನುಭವದ ಹಕ್ಕು, ಆಮೇಲೆ ಇನ್ನೊಬ್ಬರಿಗೆ ಮಾಲೀಕತ್ವ. ಮಗನಿಗೆ ಸಾಯುವ ತನಕ ಉಳುವ, ಫಸಲು ತೆಗೆಯುವ ಹಕ್ಕು, ಆಮೇಲೆ ಈಗ ಬದುಕಿರುವ ಮೊಮ್ಮಗಳಿಗೆ ಪೂರ್ತಿ. ಮಗ ಇಡೀ ಜಮೀನನ್ನು ಮಾರಲಾರ, ಯಾಕೆಂದರೆ ಅವನ ಬಳಿ ಇರುವುದು ಅಷ್ಟು ಹಕ್ಕಲ್ಲ. "ಮಾರಬೇಡ" ಅಂತ ಬೇಡಿಕೊಳ್ಳುವುದಕ್ಕಿಂತ ಮಾರುವ ಹಕ್ಕನ್ನೇ ಕೊಡದಿರುವುದು ಗಟ್ಟಿ. ಅದೇ ಕಾರಣಕ್ಕೆ ಅವನಿಗೆ ದೊಡ್ಡ ಸಾಲ ಸಿಗುವುದೂ ಕಷ್ಟ.

ಇಲ್ಲೊಂದು ಹಳ್ಳ ಇದೆ. ಹೆಂಡತಿಗೆ ಜೀವನಾಂಶದ ಬದಲಿಗೆ ಅಂತ ಅನುಭವದ ಹಕ್ಕು ಕೊಟ್ಟರೆ, ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಅದು ಅವಳ ಪೂರ್ಣ ಮಾಲೀಕತ್ವವಾಗಿ ಬದಲಾಗಬಹುದು. ಅವಳ ಹಕ್ಕಿನ ದೃಷ್ಟಿಯಿಂದ ಅದು ಸರಿಯೇ. ಆದರೆ ಆಮೇಲೆ ಮೊಮ್ಮಗಳಿಗೆ ಅಂತ ಬರೆದ ಸಾಲು ಉಳಿಯುವುದಿಲ್ಲ. ವಿಲ್ ಬರೆಸುವಾಗ ವಕೀಲರನ್ನು ಇದೊಂದನ್ನು ಕೇಳಲೇಬೇಕು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ವಾರಸಾ ನಿಯಮಗಳೇ ಬೇರೆ. ಮುಸ್ಲಿಮರು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಗೆ ವಿಲ್ ಬರೆಯುವಂತಿಲ್ಲ.

ಉಳುವವನ ಹೆಸರಿಗೇ ಮಾಡುವುದು

ದಾನಪತ್ರ, ಇಲ್ಲವೇ ಉಳಿದವರಿಂದ ಹಕ್ಕು ಬಿಡುಗಡೆ ಪತ್ರ. ಮನೆಯವರ ನಡುವೆ ಮಾಡಿದರೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತುಂಬಾ ಕಡಿಮೆ, ಹತ್ತಿರದ ಸಂಬಂಧಿಗಳಿಂದ ಬಂದ ದಾನಕ್ಕೆ ಆದಾಯ ತೆರಿಗೆಯೂ ಇಲ್ಲ. ಜಮೀನು ಒಡೆಯದೆ ಒಂದೇ ಕೈಯಲ್ಲಿ ಉಳಿಯುತ್ತದೆ. ಕೃಷಿಯ ದೃಷ್ಟಿಯಿಂದ ಇದಕ್ಕಿಂತ ಚೆನ್ನಾದದ್ದಿಲ್ಲ.

ಆದರೆ ಇಲ್ಲಿ ನಂಬಿಕೆಯೊಂದೇ ಬೇಲಿ. ನಾಳೆ ಅವನೇ ಸೈಟ್ ಮಾಡಿದರೆ ಹಕ್ಕು ಬಿಟ್ಟುಕೊಟ್ಟ ಅಕ್ಕ ಏನೂ ಮಾಡಲಾಗುವುದಿಲ್ಲ. ಅಪ್ಪ ಅಮ್ಮನ ಗತಿಯೂ ಹಾಗೆಯೇ. ಅದಕ್ಕೆ ಎರಡು ವಿಷಯ ಬರೆಸಿ: ತಂದೆತಾಯಿ ಬದುಕಿರುವ ತನಕ ಅನುಭವದ ಹಕ್ಕು ಅವರದೇ, ಮತ್ತು ಅವರನ್ನು ನೋಡಿಕೊಳ್ಳುವ ಷರತ್ತು. ಆ ಷರತ್ತು ಇದ್ದರೆ, ಮಗ ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ ದಾನವನ್ನು ರದ್ದು ಮಾಡಿಸಬಹುದು. ಪತ್ರದಲ್ಲಿ ಷರತ್ತಿಲ್ಲದೆ ಆಮೇಲೆ ಹೋರಾಡುವುದು ಕಷ್ಟ.

ಹೆಣ್ಣುಮಕ್ಕಳ ಸಹಿ ಬಗ್ಗೆ ಒಂದು ಮಾತು. "ಅವಳದ್ದೇನು, ಮದುವೆಯಾಗಿ ಹೋದಳಲ್ಲ" ಅನ್ನುವ ಕಾಲ ಮುಗಿದಿದೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು, 2005ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು, ಅದಕ್ಕೆ 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸಹಿ ಹಾಕಿಸಿಕೊಂಡ ಪತ್ರಗಳೇ ಹತ್ತು ವರ್ಷದ ಮೇಲೆ ಕೋರ್ಟಿಗೆ ಬರುವುದು. ಸರಿಯಾದ ಬೆಲೆ ಕೊಡಿ, ಬ್ಯಾಂಕಿನ ಮೂಲಕ ಕೊಡಿ.

ವಿಭಾಗ ಪತ್ರ, ಮೊದಲ ಖರೀದಿ ಹಕ್ಕಿನ ಜೊತೆ

ನನ್ನ ಒಲವು ಇದರ ಕಡೆಗೆ. ಪಾಲು ಮಾಡಿಕೊಳ್ಳಿ, ಆದರೆ ವಿಭಾಗ ಪತ್ರದಲ್ಲೇ ಒಂದು ಕಲಂ ಸೇರಿಸಿ: ಯಾರಾದರೂ ತಮ್ಮ ಪಾಲು ಮಾರುವುದಾದರೆ ಮೊದಲು ಉಳಿದ ಪಾಲುದಾರರಿಗೆ ಕೊಡಬೇಕು, ಅವರು ಬೇಡ ಅಂದ ಮೇಲೆಯೇ ಹೊರಗೆ.

ಇದು "ಎಂದೂ ಮಾರಬಾರದು" ಅನ್ನುವ ಷರತ್ತಲ್ಲ, ಹಾಗಾಗಿ ಬಿದ್ದುಹೋಗುವುದಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಬರೆದಿದ್ದ ಇಂಥದ್ದೇ ಕಲಂ 1966ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಅದು ಅವರ ನಂತರ ಬಂದವರಿಗೂ ಅನ್ವಯಿಸುತ್ತದೆ ಅಂತ ಕೋರ್ಟ್ ಎತ್ತಿಹಿಡಿಯಿತು. ಪತ್ರ ನೋಂದಣಿಯಾಗಿದ್ದರೆ ಕೊಳ್ಳುವವನು "ನನಗೆ ಗೊತ್ತಿರಲಿಲ್ಲ" ಅನ್ನುವುದು ಕಷ್ಟ, ಯಾಕೆಂದರೆ ಇಸಿ (ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ, ಋಣಭಾರ ಪತ್ರ) ತೆಗೆಸಿದವರಿಗೆ ಆ ವಿಭಾಗ ಪತ್ರ ಕಂಡೇ ಕಾಣುತ್ತದೆ.

ಹೆಚ್ಚಿನವರು ಕಲಂ ಬರೆಸಿ ಬೆಲೆ ಬರೆಸುವುದಿಲ್ಲ. ಅಲ್ಲೇ ಕೆಡುವುದು. ಬಿಲ್ಡರ್ ಎಕರೆಗೆ ಒಂದು ಕೋಟಿ ಅಂದಾಗ ಉಳುವ ತಮ್ಮ ಎಲ್ಲಿಂದ ತರುತ್ತಾನೆ? ಹಕ್ಕು ಇರುತ್ತದೆ, ದುಡ್ಡು ಇರುವುದಿಲ್ಲ. ಅದಕ್ಕೆ ಬೆಲೆಯ ಲೆಕ್ಕವನ್ನು ಈಗಲೇ, ಎಲ್ಲರ ಮನಸ್ಸು ಚೆನ್ನಾಗಿರುವಾಗಲೇ ಬರೆದಿಡಿ. ಸರ್ಕಾರದ ಮಾರ್ಗಸೂಚಿ ದರದ ಒಂದೂವರೆ ಪಟ್ಟು ಅಂತ ಇಟ್ಟುಕೊಳ್ಳಬಹುದು, ಅಥವಾ ಮೂವರು ಹಿರಿಯರು ಕೃಷಿ ಬೆಲೆಯಲ್ಲಿ ಹೇಳಿದ್ದು ಅಂತ. ಮೂರು ವರ್ಷದ ಕಂತು, ಎರಡು ತಿಂಗಳ ನೋಟಿಸ್ ಅನ್ನುವುದನ್ನೂ ಸೇರಿಸಿ. ಪಟ್ಟಣದಲ್ಲಿರುವವರು ಇದಕ್ಕೆ ಒಪ್ಪುತ್ತಾರಾ? ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಅದೂ ಒಂದು ಉತ್ತರವೇ, ಮನೆಯಲ್ಲಿ ಜಮೀನು ಉಳಿಸುವ ಆಸೆ ಯಾರಿಗೆ ಎಷ್ಟಿದೆ ಅಂತ ಈಗಲೇ ಗೊತ್ತಾಗುತ್ತದೆ.

ಪಾಲು ಮಾಡುವಾಗ ಬಾವಿ, ಪಂಪ್‌ಸೆಟ್, ದಾರಿ, ಕಾಲುವೆ ನೀರಿನ ಸರದಿ ಎಲ್ಲವನ್ನೂ ಬರೆಸಿ. ದಾರಿ ಇಲ್ಲದ ತುಂಡು ಕೊನೆಗೆ ಪಕ್ಕದವರಿಗೆ ಸಿಕ್ಕ ಬೆಲೆಗೆ ಹೋಗುತ್ತದೆ. 11ಇ ನಕ್ಷೆ (ಪಾಲಿನ ಅಳತೆಯ ಸರ್ವೆ ನಕ್ಷೆ), ಪೋಡಿ (ಪಾಲುಗಳನ್ನು ದಾಖಲೆಯಲ್ಲಿ ಬೇರೆ ಮಾಡುವುದು), ಹೊಸ ಪಹಣಿ ಆಗುವ ತನಕ ಬಿಡಬೇಡಿ.

ಇದರ ಕೆಟ್ಟ ಗುಣ ಅಂದರೆ ಜಮೀನು ತುಂಡಾಗುತ್ತದೆ. ಎರಡೆಕರೆಯನ್ನು ನಾಲ್ಕು ಮಾಡಿದರೆ ಉಳಿಸಲು ಏನೂ ಇರುವುದಿಲ್ಲ. ಅಂಥ ಕಡೆ ಒಬ್ಬರಿಗೆ ಜಮೀನು, ಉಳಿದವರಿಗೆ ದುಡ್ಡು, ಇದೇ ಸರಿ.

ಕುಟುಂಬದ ಖಾಸಗಿ ಟ್ರಸ್ಟ್

ಕೇಳೋಕೆ ದೊಡ್ಡದಾಗಿದೆ, ಹಾಗಾಗಿ ಎಲ್ಲರಿಗೂ ಇದೇ ಬೇಕು ಅನಿಸುತ್ತದೆ. ಜಮೀನು ಟ್ರಸ್ಟಿಗಳ ಹೆಸರಿಗೆ ಹೋಗುತ್ತದೆ, ಮನೆಯವರು ಫಲಾನುಭವಿಗಳು. ಒಬ್ಬನ ಸಾಲಕ್ಕೆ, ಒಬ್ಬಳ ವಿಚ್ಛೇದನಕ್ಕೆ ಜಮೀನು ಸುಲಭಕ್ಕೆ ಸಿಗುವುದಿಲ್ಲ. ಅಣ್ಣತಮ್ಮಂದಿರ ಭಯ ಇರುವವರಿಗೆ ಇದು ನಿಜಕ್ಕೂ ಗಟ್ಟಿ ಬೇಲಿ.

ಆದರೆ ಖಾಸಗಿ ಟ್ರಸ್ಟ್ ಎಂದೆಂದಿಗೂ ನಡೆಯುವಂತಿಲ್ಲ. ಈಗ ಬದುಕಿರುವವರ ಜೀವಿತಾವಧಿ, ಅದರ ಮೇಲೆ ಮುಂದಿನವರು 18 ತುಂಬುವ ತನಕ, ಸುಮಾರಾಗಿ ಅಷ್ಟೇ ಕಾನೂನಿನ ಮಿತಿ. ಫಲಾನುಭವಿಗಳೆಲ್ಲ ವಯಸ್ಕರಾಗಿ ಒಟ್ಟಾಗಿ "ನಮಗೇ ಕೊಟ್ಟುಬಿಡಿ" ಅಂದರೆ ಅದಕ್ಕೂ ಮುಂಚೆಯೇ ಮುಗಿಯುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಸಂಸ್ಥೆಗಳ ಜಮೀನಿಗೆ ಸಿಗುವುದಿಲ್ಲ. ಲೆಕ್ಕಪತ್ರ, ಪ್ಯಾನ್, ರಿಟರ್ನ್ ಎಲ್ಲ ಪ್ರತಿ ವರ್ಷ. ಜಮೀನು ಟ್ರಸ್ಟಿಗೆ ಹೋಗುವಾಗ ಎಷ್ಟು ಮುದ್ರಾಂಕ ಶುಲ್ಕ, ಖಾತೆ ಯಾರ ಹೆಸರಿಗೆ ಅನ್ನುವುದನ್ನು ಪತ್ರ ಬರೆಸುವ ಮುಂಚೆಯೇ ಉಪನೋಂದಣಿ ಕಚೇರಿಯಲ್ಲಿ, ವಕೀಲರಲ್ಲಿ ಕೇಳಿ.

ಹತ್ತಿಪ್ಪತ್ತು ಎಕರೆ ಕಾಫಿ ಅಥವಾ ಅಡಿಕೆ ತೋಟ, ಒಳ್ಳೆಯ ಆದಾಯ, ನೋಡಿಕೊಳ್ಳುವ ರೈಟರ್ (ತೋಟದ ಮೇಲ್ವಿಚಾರಕ) ಇದ್ದರೆ ಟ್ರಸ್ಟ್ ಹೊಂದುತ್ತದೆ. ಮೂರೆಕರೆ ರಾಗಿ ಹೊಲಕ್ಕೆ ಬೇಡ.

ಧರ್ಮಾರ್ಥ ಟ್ರಸ್ಟ್ ಮತ್ತು ಸಮುದಾಯ ಮೀಸಲು

ಸಾರ್ವಜನಿಕ ಉಪಯೋಗದ ಟ್ರಸ್ಟಿಗೆ ಕಾಲಮಿತಿ ಇಲ್ಲ. ಎಂದೆಂದಿಗೂ ಅನ್ನುವ ಮಾತಿಗೆ ನಮ್ಮಲ್ಲಿ ಹತ್ತಿರದ್ದು ಇದೊಂದೇ. ಕೊಡಗಿನ ಸಾಯಿ ಅಭಯಾರಣ್ಯ ಹೀಗೆ ಬಂದದ್ದು. 1991ರಿಂದ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ ಪಾಳುಬಿದ್ದ ಜಮೀನುಗಳನ್ನು ಕೊಳ್ಳುತ್ತಾ ಹೋಗಿ ಸುಮಾರು 300 ಎಕರೆ ಮಾಡಿದರು, ಅದು ಈಗ ಕಾಡು. ಆದರೆ ಅದು ಕಾಡಿಗಾಗಿ, ಮಕ್ಕಳು ಉಳಲಿ ಅಂತಲ್ಲ. ಕೊಟ್ಟ ಮೇಲೆ ಜಮೀನು ಮನೆತನದ್ದಲ್ಲ. ವಾರಸುದಾರರು ಇಲ್ಲದವರಿಗೆ, ಇದ್ದರೂ ಬೇಡ ಅನ್ನುವವರಿಗೆ ಇದು ಸರಿ.

ಇನ್ನೊಂದು ದಾರಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 36ಸಿ ಕಲಂ ಪ್ರಕಾರ, ಊರಿನವರಾಗಲಿ ಒಬ್ಬ ವ್ಯಕ್ತಿಯಾಗಲಿ ತಾವಾಗಿಯೇ ಮುಂದೆ ಬಂದರೆ ಖಾಸಗಿ ಜಮೀನನ್ನು ಸಮುದಾಯ ಮೀಸಲು ಅಂತ ಸರ್ಕಾರ ಘೋಷಿಸಬಹುದು. ಆಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇಂಥ ಮೀಸಲು, ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಜನರ ಸ್ವಂತ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಾಡಂಚು, ಕೆರೆಯಂಚು, ಹಕ್ಕಿ ಬರುವ ಜಾಗ ಇದ್ದವರು ಅರಣ್ಯ ಇಲಾಖೆಯಲ್ಲಿ ವಿಚಾರಿಸಬಹುದು. ಸಾಮಾನ್ಯ ಹೊಲಗದ್ದೆಗೆ ಇದು ಅಲ್ಲ.

ಪತ್ರ ಯಾವುದಾದರೂ ಗಮನದಲ್ಲಿರಲಿ

ಗೇಣಿಗೆ ಕೊಟ್ಟು ಉಳಿಸಿಕೊಳ್ಳೋಣ ಅನ್ನುವವರು ತುಂಬಾ. ಭೂಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನು ಗೇಣಿಗೆ ಕೊಡುವಂತಿಲ್ಲ. ಕೂಲಿ ಆಳು ಇಟ್ಟು ಮಾಡಿಸಬಹುದು, ಕೂಲಿಯನ್ನು ಹಣದಲ್ಲೋ ಧಾನ್ಯದಲ್ಲೋ ಕೊಡಬಹುದು. ಬೆಳೆಯಲ್ಲಿ ಪಾಲು ಅಂತ ಕೊಟ್ಟರೆ ಅದು ಕಾಯ್ದೆ ಹೇಳುವ ಸ್ವಂತ ಸಾಗುವಳಿಯೊಳಗೆ ಬರುವುದಿಲ್ಲ. ಊರೂರಲ್ಲಿ ವಾರಕ್ಕೆ, ಕೋರಿಗೆ ಅಂತ ಬೆಳೆಯ ಪಾಲಿಗೆ ಉಳುವುದು ನಡೆಯುತ್ತಿರುವುದು ನಿಜ, ಎಲ್ಲ ಬಾಯಿ ಮಾತಿನ ಮೇಲೆ. ಅದರಿಂದ ನಷ್ಟ ನಿಮಗಷ್ಟೇ ಅಲ್ಲ, ಉಳುವವನಿಗೂ ಬೆಳೆ ಸಾಲ ಪರಿಹಾರ ಸಿಗುವುದಿಲ್ಲ. ಕಾನೂನು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ, ಬದಲಾಗುವ ತನಕ ಅದರ ಮೇಲೆ ಯೋಜನೆ ಕಟ್ಟಬೇಡಿ.

ಸರ್ಕಾರ ಸ್ವಾಧೀನ ಮಾಡಿಕೊಳ್ಳಲು ಹೊರಟರೆ ಮೇಲಿನ ಖಾಸಗಿ ಪತ್ರಗಳು ಯಾವುವೂ ಅಡ್ಡ ನಿಲ್ಲುವುದಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟದ್ದು ರೈತರ ವರ್ಷಗಟ್ಟಲೆ ಹೋರಾಟದಿಂದ, ಯಾರ ವಿಲ್‌ನಿಂದಲೂ ಅಲ್ಲ.

ಕಾಲೆಕರೆ ತೋಟ ಮಾರುವ ಫಾರ್ಮ್ ಪ್ಲಾಟ್ ಕಂಪನಿಗೆ ಕೊಟ್ಟರೆ "ಕೃಷಿಯಾಗಿಯೇ ಉಳಿಯುತ್ತದೆ" ಅಂತ ಹೇಳುತ್ತಾರೆ. ಹತ್ತೆಕರೆಗೆ ನಲವತ್ತು ಮಾಲೀಕರು. ಮುಂದೆ ಅದನ್ನು ಒಂದಾಗಿ ಉಳುವವರು ಯಾರು?

ಮಾರಲೇಬೇಕಾದರೆ ಪಕ್ಕದ ರೈತನಿಗೆ ಮಾರುವುದೂ ಜಮೀನು ಉಳಿಸುವ ದಾರಿಯೇ. ಬೆಲೆ ಕಡಿಮೆ ಬರುತ್ತದೆ. ತೆರಿಗೆ ಲೆಕ್ಕ ಹಾಕಿಕೊಳ್ಳಿ: ಊರು ಪಟ್ಟಣದಿಂದ ದೂರವಿದ್ದರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. 10 ಲಕ್ಷ ಜನಸಂಖ್ಯೆ ಮೀರಿದ ನಗರವಾದರೆ ಅದರ ಗಡಿಯಿಂದ 8 ಕಿಲೋಮೀಟರ್ ಹೊರಗೆ, ಸಣ್ಣ ಪಟ್ಟಣವಾದರೆ 2 ಅಥವಾ 6 ಕಿಲೋಮೀಟರ್ ಹೊರಗೆ ಇರಬೇಕು.

ಹಾಗಾದರೆ ಯಾರಿಗೆ ಯಾವುದು

ಒಬ್ಬರು ಉಳುತ್ತಿದ್ದಾರೆ, ಉಳಿದವರಿಗೆ ಸಂಬಳ ಇದೆ, ಮಾತುಕತೆ ಚೆನ್ನಾಗಿದೆ ಅಂದರೆ ಬೆಲೆ ಕೊಟ್ಟು ಹಕ್ಕು ಬಿಡುಗಡೆ, ಅದರ ಜೊತೆಗೇ ಮಾರುವುದಾದರೆ ಮೊದಲು ನಮಗೆ ಅನ್ನುವ ನೋಂದಾಯಿತ ಒಪ್ಪಂದ. ಇಬ್ಬರು ಮೂವರು ಉಳುತ್ತಾರೆ, ಈಗಲೇ ಮಾತು ಬಿಗಿಯಾಗಿದೆ ಅಂದರೆ ಅಪ್ಪ ಇರುವಾಗಲೇ ವಿಭಾಗ ಪತ್ರ. ಮಗನಿಗೆ ಕೈ ಬಿಗಿ ಇಲ್ಲ, ಆದರೆ ಮೊಮ್ಮಕ್ಕಳು ಇದ್ದಾರೆ ಅಂದರೆ ಅನುಭವದ ಹಕ್ಕಿನ ವಿಲ್. ದೊಡ್ಡ ತೋಟ, ಎಲ್ಲರೂ ದೂರ, ಆದಾಯ ಇದೆ ಅಂದರೆ ಟ್ರಸ್ಟ್. ಯಾರೂ ಬರುವುದಿಲ್ಲ, ತೋಟಕ್ಕೆ ವರ್ಷಾ ವರ್ಷ ಕೈಯಿಂದ ಹಾಕಬೇಕು ಅಂದರೆ ಪಕ್ಕದ ರೈತನನ್ನು ಕರೆದು ಮಾತಾಡಿ.

ನಗರದ ಅಂಚಿನಲ್ಲಿರುವವರಿಗೆ ಸುಲಭದ ಉತ್ತರ ನನ್ನ ಬಳಿ ಇಲ್ಲ. ಎಕರೆಗೆ ಕೋಟಿ ಬರುವ ಕಡೆ ಮೊದಲ ಖರೀದಿ ಹಕ್ಕು, ಅಣ್ಣತಮ್ಮಂದಿರ ಪ್ರೀತಿ ಎರಡೂ ಬೇಗ ಸವೆಯುತ್ತವೆ. ಅಲ್ಲಿ ಒಂದು ಭಾಗ ಮಾರಿ ಉಳಿದವರ ಪಾಲು ತೀರಿಸಿ, ಬಾವಿ ಇರುವ ತುಂಡನ್ನು ಉಳುವವರ ಹೆಸರಿಗೆ ಗಟ್ಟಿ ಮಾಡುವುದು ಪೂರ್ತಿ ಉಳಿಸುವ ಹಠಕ್ಕಿಂತ ವಾಸಿ ಅನಿಸುತ್ತದೆ.

ಯಾವುದನ್ನು ಆರಿಸಿದರೂ ಕೆಲಸ ಶುರುವಾಗುವುದು ಪಹಣಿಯಿಂದ. ತೀರಿಕೊಂಡವರ ಹೆಸರಿದ್ದರೆ ಮೊದಲು ವಂಶವೃಕ್ಷ ಮಾಡಿಸಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಜಮೀನು ಮಂಜೂರಾತಿಯಿಂದ ಬಂದದ್ದಾದರೆ ಮೂಲ ಮಂಜೂರಾತಿಯ ಷರತ್ತು ತೆಗೆಸಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಆಮೇಲೆ ಇಸಿ, ಸರ್ವೆ ನಕ್ಷೆ. ಇವನ್ನೆಲ್ಲ ಹಿಡಿದು ನಿಮ್ಮ ತಾಲ್ಲೂಕಿನಲ್ಲೇ ಜಮೀನಿನ ಕೇಸು ನಡೆಸುವ ವಕೀಲರ ಹತ್ತಿರ ಹೋಗಿ, ಸಾಧ್ಯವಾದರೆ ಮಕ್ಕಳೆಲ್ಲ ಹಬ್ಬಕ್ಕೆ ಊರಿಗೆ ಬಂದಿರುವ ವಾರದಲ್ಲಿ.